ಬೀಜಿಂಗ್, ಶಾಂಘೈನಲ್ಲಿ ಡಂಪ್ಲಿಂಗ್ ಊಟ: ಆರು ಜನ, ಇಬ್ಬರು ಮೊಟ್ಟೆಯನ್ನೂ ಮುಟ್ಟಲ್ಲ

ಪ್ರಶ್ನೆ: ಮುಂದಿನ ತಿಂಗಳು ಎರಡೂ ಊರಿಗೆ ಹೊರಟಿದ್ದೇವೆ. ಅಪ್ಪ-ಅಮ್ಮ ಶುದ್ಧ ಸಸ್ಯಾಹಾರಿಗಳು, ನಾವಿಬ್ಬರು ಎಲ್ಲ ತಿನ್ನುತ್ತೇವೆ, ಮಕ್ಕಳಿಗೆ 6 ಮತ್ತು 9 ವರ್ಷ. ಎಷ್ಟು ಹೇಳಬೇಕು, ಎಲ್ಲಿ ಎಡವುತ್ತೇವೆ?

— ಬೀಜಿಂಗ್ ಕಡೆ ಹೆಚ್ಚಾಗಿ ಸಿಗೋದು ಜ್ಯಾವ್‌ಜ, ಅಂದರೆ ಹೂರಣ ತುಂಬಿ ಮಡಿಸಿ ನೀರಲ್ಲಿ ಬೇಯಿಸಿದ ಡಂಪ್ಲಿಂಗ್. ಹಳೇ ಅಂಗಡಿಗಳಲ್ಲಿ ಪ್ಲೇಟ್ ಲೆಕ್ಕ ಇರಲ್ಲ, ಲ್ಯಾಂಗ್ ಲೆಕ್ಕ. ಒಂದು ಲ್ಯಾಂಗ್ 50 ಗ್ರಾಂ. ಎಡವೋದು ಇಲ್ಲೇ: ಅದು ಸಾಮಾನ್ಯವಾಗಿ ಕಣಕದ ಹಿಟ್ಟಿನ ತೂಕ, ಹೂರಣ ಅದರ ಮೇಲೆ. ಲ್ಯಾಂಗಿಗೆ ಐದಾರು ಬರುತ್ತವೆ. ಆರು ಜನ ಅಂತ ಒಂದು ಕೆಜಿ ಹೇಳಿದರೆ ನೂರು ದಾಟುತ್ತೆ! ದೊಡ್ಡವರಿಗೆ 12, ಮಕ್ಕಳಿಗೆ 6 ಅಂತ ಹಿಡಿಯಿರಿ. ಮೊದಲು 8 ಲ್ಯಾಂಗ್ ಹೇಳಿ, ಸಾಲದಿದ್ದರೆ ಮತ್ತೆ. ಆರಿದರೆ ಒಂದಕ್ಕೊಂದು ಅಂಟಿಕೊಂಡು ಎತ್ತುವಾಗ ಹರಿಯುತ್ತವೆ, ಒಟ್ಟಿಗೆ ತರಿಸಿ ಗುಡ್ಡೆ ಹಾಕಿಕೊಳ್ಳಬೇಡಿ.

— ಲೆಕ್ಕ ಸರಿ, ಆದರೆ ಅಪ್ಪ-ಅಮ್ಮನ ಪಾಡೇನು? ಮೆನುವಿನಲ್ಲಿ ‘ಸು’ ಅಂದರೆ ಸಸ್ಯಾಹಾರ, ಆದರೆ ಅದನ್ನಷ್ಟೇ ನಂಬಬೇಡಿ. ‘ಸು’ ಹೆಸರಲ್ಲಿ ಹೆಚ್ಚಾಗಿ ಬರೋದು ಜಿಯೋತ್ಸಾಯ್ (ಬೆಳ್ಳುಳ್ಳಿ ಘಮದ ಸೊಪ್ಪು) ಮತ್ತು ಮೊಟ್ಟೆಯ ಹೂರಣ. ಅದರಲ್ಲಿ ಎಷ್ಟೋ ಸಲ ಪುಟ್ಟ ಒಣ ಸೀಗಡಿಯೂ ಬೆರೆತಿರುತ್ತೆ. ಉಪ್ಪುಪ್ಪಾಗಿ, ತೆಳ್ಳಗೆ ಇರೋದರಿಂದ ಕಣ್ಣಿಗೆ ಬೀಳಲ್ಲ. ಎಷ್ಟೋ ಕಡೆ ಮಾಂಸದ್ದು ಬೆಂದ ನೀರಲ್ಲೇ ಇದೂ ಬೇಯುತ್ತೆ. ‘ಮಾಂಸ, ಮೀನು, ಸೀಗಡಿ, ಮೊಟ್ಟೆ, ಹಂದಿ ಕೊಬ್ಬು ಬೇಡ’ ಅಂತ ಚೀನೀಲಿಪಿಯಲ್ಲಿ ಬರೆಸಿದ ಚೀಟಿ ಇಟ್ಟುಕೊಳ್ಳಿ. ನನ್ನ ಕೇಳಿದರೆ, ಬೌದ್ಧ ಸಸ್ಯಾಹಾರಿ ಹೋಟೆಲಿಗೇ ಎಲ್ಲರೂ ಹೋಗಿ. ಅಲ್ಲಿ ಅಣಬೆ, ತೋಫು, ಎಲೆಕೋಸಿನ ಹೂರಣ. ಸಂಪ್ರದಾಯಸ್ಥ ಅಡುಗೆಮನೆಗಳಲ್ಲಿ ಈರುಳ್ಳಿ-ಬೆಳ್ಳುಳ್ಳಿಯೂ ಇರಲ್ಲ. ಮೊಟ್ಟೆ ಮಾತ್ರ ಅಲ್ಲೂ ಕೇಳಿಯೇ ತಿನ್ನಿ.

— ಶಾಂಘೈನ ಶ್ಯಾವ್‌ಲಾಂಗ್‌ಬಾವ್ ಬಗ್ಗೆ ಯಾರೂ ಹೇಳಲಿಲ್ಲ, ಪುಟ್ಟ ಬುಟ್ಟಿಯಲ್ಲಿ ಹಬೆಗಿಟ್ಟು ಬೇಯಿಸೋ ಡಂಪ್ಲಿಂಗ್ ಅದು. ಒಳಗೆ ಸಾರು ತುಂಬಿರುತ್ತಲ್ಲ, ಅದನ್ನು ಸುರಿಯೋದಲ್ಲ. ಹಂದಿ ಚರ್ಮ ಕುದಿಸಿ, ತಣಿಸಿ, ಜೆಲ್ಲಿಯಾದದ್ದನ್ನು ಹೂರಣಕ್ಕೆ ಕಲಸಿ ಮಡಿಸುತ್ತಾರೆ. ಹಬೆಯಲ್ಲಿ ಅದು ಕರಗಿ ಸಾರಾಗುತ್ತೆ. ಏಡಿಯದ್ದು ಅಂದರೂ ಸಾಮಾನ್ಯವಾಗಿ ಹಂದಿ ಜೊತೆಗಿರುತ್ತೆ.

ಮಕ್ಕಳು ನಮ್ಮ ಕಡುಬಿನ ಹಾಗೆ ಇಡಿಯಾಗಿ ಬಾಯಿಗೆ ಹಾಕಿದರೆ ನಾಲಿಗೆ ಸುಟ್ಟಿತು ಅಂತಲೇ. ಮೇಲಿನ ಮಡಿಕೆಯ ಗಂಟನ್ನು ಚಾಪ್‌ಸ್ಟಿಕ್‌ನಲ್ಲಿ ಮೆಲ್ಲಗೆ ಹಿಡಿದು ಎತ್ತಿ, ಚಮಚದಲ್ಲಿಡಿ. ಹೊಟ್ಟೆ ಭಾಗ ಹಿಡಿದರೆ ಸಿಪ್ಪೆ ಹರಿದು ಸಾರೆಲ್ಲ ಬುಟ್ಟಿಪಾಲು. ಪಕ್ಕದಲ್ಲೊಂದು ತೂತು ಮಾಡಿ, ಸಾರು ಚಮಚಕ್ಕಿಳಿದು ಹಬೆ ಹೋದ ಮೇಲೆ ಹೀರಿ, ಆಮೇಲೆ ತಿನ್ನಿ. ಬುಟ್ಟಿ ಬಂದು ತುಂಬಾ ಹೊತ್ತಾದರೆ ತಳ ಅಂಟುತ್ತೆ, ಫೋಟೋ ಬೇಗ ಮುಗಿಸಿ.

— ಶ್ಯಾವ್‌ಲಾಂಗ್‌ಬಾವ್ ಅದ್ದಿ ತಿನ್ನೋಕೆ ಸೋಯಾ ಸಾಸ್ 1 ಪಾಲು, ಕಪ್ಪು ವಿನೆಗರ್ 3 ಪಾಲು, ಎಳೆಎಳೆಯಾಗಿ ಹೆಚ್ಚಿದ ಶುಂಠಿ. ಸೋಯಾ ಜಾಸ್ತಿಯಾದರೆ ಬರೀ ಉಪ್ಪು. ಖಾರದೆಣ್ಣೆ ಬೇರೆ ಬಟ್ಟಲಲ್ಲಿರಲಿ, ಮಕ್ಕಳಿಗೆ ತಾಗದ ಹಾಗೆ.

— ಬೀಜಿಂಗ್‌ನಲ್ಲಿ ಕೊನೆಗೆ ಜ್ಯಾವ್‌ಜ ಬೆಂದ ಗಂಜಿನೀರನ್ನು ಬಟ್ಟಲಲ್ಲಿ ಕೊಡುತ್ತಾರೆ, ಕುಡಿಯೋಕೆ. ಅಪ್ಪ-ಅಮ್ಮನಿಗೆ ಅದು ಬೇಡ. ಕಾರಣ ಮೇಲೆ ಹೇಳಿದ್ದೇ.