ಸಾಫ್ಟ್‌ವೇರ್ ಬಿಟ್ಟು ನರ್ಸಿಂಗ್‌ಗೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಅಮೆರಿಕದಲ್ಲಿ ಬೇರೆ ಡಿಗ್ರಿ ಇದ್ದವರೂ ನೇರವಾಗಿ ನರ್ಸಿಂಗ್ ಮಾಸ್ಟರ್ಸ್‌ಗೆ ಸೇರಬಹುದು. ಡೈರೆಕ್ಟ್ ಎಂಟ್ರಿ ಎಂಎಸ್‌ಎನ್ ಅನ್ನುತ್ತಾರೆ. ಇವತ್ತು ನಮ್ಮ ನರ್ಸಕ್ಕ ಉತ್ತರಿಸುತ್ತಾರೆ. ಒಂಬತ್ತು ವರ್ಷ ಟೆಸ್ಟಿಂಗ್ ಮಾಡಿ, ಈ ಕೋರ್ಸ್ ಓದಿ, ಈಗ ಐಸಿಯುನಲ್ಲಿದ್ದಾರೆ.

ಡಲ್ಲಾಸ್ ದೋಸೆ: ಅಕ್ಕ, ನನಗೆ 38. ಬಿಇ, ಇ ಆಂಡ್ ಸಿ. ಕೆಲಸ ಹೋಯಿತು. ಈ ಕೋರ್ಸ್ ಮಾಡಿದರೆ ನೇರವಾಗಿ ನರ್ಸ್ ಪ್ರಾಕ್ಟಿಷನರ್, ಅಂದರೆ ಔಷಧಿ ಬರೆದುಕೊಡುವ ನರ್ಸ್, ಆಗಬಹುದಾ?

ನರ್ಸಕ್ಕ: ಸಾಮಾನ್ಯವಾಗಿ ಇಲ್ಲ. 15ರಿಂದ 24 ತಿಂಗಳು ಓದಿ, ಲೈಸೆನ್ಸ್ ಪರೀಕ್ಷೆ ಎನ್‌ಕ್ಲೆಕ್ಸ್ ಬರೆದು, ಆರ್‌ಎನ್, ಅಂದರೆ ರಿಜಿಸ್ಟರ್ಡ್ ನರ್ಸ್ ಆಗುತ್ತೀರಿ. ನಾಲ್ಕು ವರ್ಷ ನರ್ಸಿಂಗ್ ಡಿಗ್ರಿ (ಬಿಎಸ್‌ಎನ್) ಮಾಡಿದ 22ರ ಹುಡುಗಿಗೂ ಅದೇ ಲೈಸೆನ್ಸ್, ಅದೇ ನೈಟ್ ಶಿಫ್ಟ್. ಪ್ರಾಕ್ಟಿಷನರ್ ಆಗಬೇಕಾದರೆ ಅದರ ಮೇಲೆ ಮತ್ತೆ ಓದಬೇಕು. ಸೇರುವ ಮೊದಲೇ ಅನಾಟಮಿ-ಫಿಸಿಯಾಲಜಿ ಎರಡು ಭಾಗ, ಮೈಕ್ರೋಬಯಾಲಜಿ, ಸ್ಟ್ಯಾಟಿಸ್ಟಿಕ್ಸ್ ಮುಗಿಸಿರಬೇಕು. ನಿಮ್ಮ ಬಿಇ ಅಂಕಪಟ್ಟಿಯಲ್ಲಿ ಇವು ಸಿಗುವುದಿಲ್ಲ. ಕಮ್ಯುನಿಟಿ ಕಾಲೇಜಿನಲ್ಲಿ ಮಾಡಿ, ಖರ್ಚು ಕಮ್ಮಿ.

ಎಡಿಸನ್ ಅಮ್ಮ: ಎಚ್4 ಡಿಪೆಂಡೆಂಟ್ ವೀಸಾದಲ್ಲಿ ಓದಬಹುದಾ?

ನರ್ಸಕ್ಕ: ಓದಬಹುದು. ಕೆಲಸಕ್ಕೆ ಇಎಡಿ, ಅಂದರೆ ಕೆಲಸದ ಪರವಾನಗಿ, ಬೇಕು. ಫೆಡರಲ್ ಸಾಲ ಸಿಗುವುದಿಲ್ಲ. ಕೆಲವು ರಾಜ್ಯಗಳಲ್ಲಿ ಲೈಸೆನ್ಸ್‌ಗೆ ಸೋಷಿಯಲ್ ಸೆಕ್ಯುರಿಟಿ ನಂಬರ್ ಕೇಳುತ್ತಾರೆ. ಫೀಸು ಕಟ್ಟುವ ಮುಂಚೆ ನಿಮ್ಮ ರಾಜ್ಯದ ನರ್ಸಿಂಗ್ ಬೋರ್ಡ್‌ಗೆ ಬರೆದು ಕೇಳಿ.

ಕಾಫಿ ತೋಟ: ಕ್ಲಿನಿಕಲ್‌ಗೆ, ಅಂದರೆ ಆಸ್ಪತ್ರೆಯ ತರಬೇತಿಗೆ, ಬಿಳಿ ಶೂನೇ ಬೇಕಾ?

ಬೇ ಏರಿಯಾ ಭಾವ: ಫಾರ್ವರ್ಡ್ ಬಂದಿದೆ ನೋಡಿ: ‘ಮನೆಯಲ್ಲೇ ಕೂತು 6 ತಿಂಗಳಲ್ಲಿ ಆರ್‌ಎನ್ ಡಿಗ್ರಿ, ಕ್ಲಿನಿಕಲ್ ಬೇಡ.’ ನಿಜಾನಾ?

ನರ್ಸಕ್ಕ: ಇದನ್ನು ಇನ್ನೊಬ್ಬರಿಗೆ ಕಳಿಸಬೇಡಿ. ಫ್ಲೋರಿಡಾದ ಸ್ಕೂಲುಗಳು 7,600ಕ್ಕೂ ಹೆಚ್ಚು ನಕಲಿ ನರ್ಸಿಂಗ್ ಡಿಪ್ಲೊಮಾ ಮಾರಿದ್ದವು ಅಂತ 2023ರ ಜನವರಿಯಲ್ಲಿ ಬಯಲಾಯಿತು. 25 ಜನರ ಮೇಲೆ ಕೇಸ್. ಕೊಂಡವರಲ್ಲಿ ಹಲವರ ಲೈಸೆನ್ಸ್‌ಗಳೂ ಹೋದವು. ಕೋರ್ಸ್‌ಗೆ ಸಿಸಿಎನ್‌ಇ ಇಲ್ಲವೇ ಎಸಿಇಎನ್ ಮಾನ್ಯತೆ ಇದೆಯಾ, ರಾಜ್ಯದ ಬೋರ್ಡ್ ಪಟ್ಟಿಯಲ್ಲಿ ಹೆಸರಿದೆಯಾ ನೋಡಿ.

ಮಲ್ಲಿಗೆ ಮೊಗ್ಗು: ಅಕ್ಕ, ಬೇರೆ ವಿಷಯ. ನಾನು ಮೊದಲ ಸೆಮಿಸ್ಟರ್. ನನ್ನ ಕ್ಲಾಸ್‌ಮೇಟ್ ಒಬ್ಬಳಿಗೆ ನಿನ್ನೆ ಮಧ್ಯಾಹ್ನ ಇನ್ಸುಲಿನ್ ಕೊಟ್ಟಾದ ಮೇಲೆ ಸೂಜಿ ಚುಚ್ಚಿತು. ಗ್ಲೌಸ್ ಒಳಗೆ ಒಂದು ಚುಕ್ಕೆ ರಕ್ತ, ಅಷ್ಟೇ. ಯಾರಿಗೂ ಹೇಳಿಲ್ಲ. ಕೋರ್ಸ್‌ನಿಂದ ತೆಗೆದುಬಿಡುತ್ತಾರೆ ಅಂತ ಭಯ.

ಎಡಿಸನ್ ಅಮ್ಮ: ಗಾಬರಿ ಬೇಡ ಕಂದ. ಚೆನ್ನಾಗಿ ಹಿಂಡಿ ರಕ್ತ ತೆಗೆದು ಅರಿಶಿನ ಹಚ್ಚಲಿ. ಮೂರು ದಿನ ಬೇವಿನ ಕಷಾಯ. ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಬಂದಿತ್ತು.

ನರ್ಸಕ್ಕ: ಉಳಿದವರು ಸ್ವಲ್ಪ ಕಾಯಿರಿ. ಅಮ್ಮ, ದಯವಿಟ್ಟು ಅದನ್ನು ಅಳಿಸಿ.

ಮೊಗ್ಗು, ಕ್ಲಾಸ್‌ಮೇಟೋ ನೀನೋ, ನಾನು ಕೇಳುವುದಿಲ್ಲ. ಸೋಪು ನೀರಿನಲ್ಲಿ ತೊಳೆದಿದ್ದರೆ ಸರಿ. ಹಿಂಡಿದರೆ ಏನೂ ಉಪಯೋಗ ಇಲ್ಲ. ಈಗಲೇ ಇನ್‌ಸ್ಟ್ರಕ್ಟರ್‌ಗೆ ಫೋನ್ ಮಾಡು. ಎತ್ತದಿದ್ದರೆ ಕಾಯಬೇಡ, ಎಮರ್ಜೆನ್ಸಿಗೆ ಹೋಗು. ಎಚ್‌ಐವಿ ತಡೆಯುವ ಮಾತ್ರೆ ಬೇಕೋ ಬೇಡವೋ ಅಲ್ಲಿ ಹೇಳುತ್ತಾರೆ. ಬೇಕಿದ್ದರೆ 72 ಗಂಟೆಯೊಳಗೆ ಶುರುವಾಗಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು. ಆಮೇಲೆ 28 ದಿನ ನುಂಗಬೇಕು. ಗಂಟೆ ಲೆಕ್ಕ ನಿನ್ನೆ ಮಧ್ಯಾಹ್ನದಿಂದಲೇ ಶುರುವಾಗಿದೆ.

ಎಚ್‌ಐವಿ ಇರುವವರ ಸೂಜಿಯೇ ಚುಚ್ಚಿದರೂ ಅಂಟುವುದು ಸುಮಾರು 300ರಲ್ಲಿ ಒಬ್ಬರಿಗೆ. ಹಾಗಾಗಿ ರಾತ್ರಿಯೆಲ್ಲ ಅಳುವುದು ಬೇಡ. ಆದರೆ ಆ ರೋಗಿಯ ರಕ್ತ ಪರೀಕ್ಷೆ ಆಗಬೇಕು. ಅವರು ಡಿಸ್ಚಾರ್ಜ್ ಆಗಿ ಹೋದರೆ ಹುಡುಕುವುದು ಕಷ್ಟ. ಹೆಪಟೈಟಿಸ್ ಬಿಗೆ, ಕೋರ್ಸ್ ಅಡ್ಮಿಷನ್ ಹೊತ್ತಿಗೆ ಕೊಟ್ಟ ಟೈಟರ್ ರಿಪೋರ್ಟ್, ಅಂದರೆ ಲಸಿಕೆಯ ರಕ್ಷಣೆ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ, ತೆಗೆದುಕೊಂಡು ಹೋಗು. 10 ಅಥವಾ ಜಾಸ್ತಿ ಇದ್ದರೆ ಆ ಚಿಂತೆ ಇಲ್ಲ. ಹೆಪಟೈಟಿಸ್ ಸಿಗೆ ಮುನ್ನೆಚ್ಚರಿಕೆಯ ಮಾತ್ರೆ ಇಲ್ಲ. ರಕ್ತ ಪರೀಕ್ಷೆ ಮಾಡಿಸುತ್ತಾ ಇರಬೇಕು.

ನನಗೂ ಓದುವಾಗ ಚುಚ್ಚಿತ್ತು. ಕ್ಯಾಪ್ ಮತ್ತೆ ಹಾಕಲು ಹೋಗಿ, ನನ್ನದೇ ತಪ್ಪು. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಬೆರಳು ನೋಡುತ್ತಾ ನಿಂತಿದ್ದೆ. ಹೇಳಿದ್ದು ನಾಲ್ಕು ಗಂಟೆ ಬಿಟ್ಟು. ಇನ್‌ಸ್ಟ್ರಕ್ಟರ್ ಬೈದರು, ಚುಚ್ಚಿಸಿಕೊಂಡದ್ದಕ್ಕಲ್ಲ, ಆ ನಾಲ್ಕು ಗಂಟೆಗೆ.

ಎಡಿಸನ್ ಅಮ್ಮ: ನಮ್ಮ ಅಜ್ಜಿ ಕಾಲದಲ್ಲಿ ಅರಿಶಿನವೇ ಔಷಧಿ ಆಗಿರಲಿಲ್ವಾ? ಒಳ್ಳೇದಕ್ಕೆ ಹೇಳಿದೆ.

ನರ್ಸಕ್ಕ: ನಿಮ್ಮ ಅಜ್ಜಿ ಐಸಿಯು ಸೂಜಿ ಚುಚ್ಚಿಸಿಕೊಂಡಿರಲಿಲ್ಲ.

ಬೇ ಏರಿಯಾ ಭಾವ: ಇದಕ್ಕೇ ಹೇಳೋದು. ಇಂಜಿನಿಯರಿಂಗ್ ಓದಿ ಬೆಡ್‌ಪ್ಯಾನ್ ಎತ್ತೋ ಕರ್ಮ ಯಾಕೆ?

ಡಲ್ಲಾಸ್ ದೋಸೆ: ನಮ್ಮ ಮಾವನಿಗೆ ಸ್ಟ್ರೋಕ್ ಆದಾಗ ಎತ್ತಿದವರು ಯಾರು ಭಾವ? ನೀವಂತೂ ಬರಲಿಲ್ಲ.

ಬೇ ಏರಿಯಾ ಭಾವ: ಸುಮ್ನೆ ವೈಯಕ್ತಿಕ ಮಾಡಬೇಡಿ. ಸಾಲದ ಲೆಕ್ಕ ಹೇಳಿದೆ.

ಡಲ್ಲಾಸ್ ದೋಸೆ: ಸಾಲ ಅಂತ ಎಲ್ಲಿ ಬರೆದಿದ್ದೀರಿ? ಬೆಡ್‌ಪ್ಯಾನ್ ಅಂತ ಇದೆ, ಮೇಲೆ ಹೋಗಿ ಓದಿ.

ಕಾಫಿ ತೋಟ: ಇಬ್ಬರೂ ಪ್ರೈವೇಟ್ ಆಗಿ ಜಗಳ ಆಡಿ. ಶೂ ಪ್ರಶ್ನೆ ಹಾಗೇ ಇದೆ.

ಅಡ್ಮಿನ್: ಭಾವ, ಇನ್ನೊಂದು ಸಲ ಹಾಗೆ ಬರೆದರೆ ತೆಗೆಯುತ್ತೇನೆ.

ಮೈಸೂರು ಪಾಕ್: ಮೈಸೂರಿನಲ್ಲಿದ್ದೇನೆ, ಬಿಕಾಂ. ಇಲ್ಲಿ ಎರಡು ವರ್ಷದ ಎಂಎಸ್ಸಿ ನರ್ಸಿಂಗ್‌ಗೆ ಸೇರಬಹುದಾ?

ನರ್ಸಕ್ಕ: ಆಗುವುದಿಲ್ಲ. ಇಂಡಿಯಾದಲ್ಲಿ ಎಂಎಸ್ಸಿಗೆ ಮೊದಲು ನರ್ಸಿಂಗ್‌ನಲ್ಲೇ ಬಿಎಸ್ಸಿ ಆಗಿರಬೇಕು.

ಆಸ್ಟಿನ್ ಅವಲಕ್ಕಿ: ಈಗ ನೋಡಿದೆ. ಎಚ್4ನಲ್ಲಿ ಓದಬಹುದಾ?

ನರ್ಸಕ್ಕ: ಮೇಲೆ ಇದೆ.

ಆಸ್ಟಿನ್ ಅವಲಕ್ಕಿ: ಒಂದು ಸಾಲು ಬರೆಯೋಕೆ ಅಷ್ಟು ಕಷ್ಟಾನಾ?

ನರ್ಸಕ್ಕ: ಓದೋಕೆ ಕಷ್ಟಾನಾ?

ಮೊಗ್ಗು, ಒಂದೂವರೆ ಗಂಟೆ ಆಯಿತು. ಫೋನ್ ಮಾಡಿದೆಯಾ?

ಮಲ್ಲಿಗೆ ಮೊಗ್ಗು: ಎಮರ್ಜೆನ್ಸಿಯಲ್ಲಿ ಕೂತಿದ್ದೇನೆ ಅಕ್ಕ. ರಕ್ತ ತೆಗೆದುಕೊಂಡರು. ಇನ್‌ಸ್ಟ್ರಕ್ಟರ್ ಕೂಡ ಬಂದಿದ್ದಾರೆ, ಪಕ್ಕದಲ್ಲೇ ಫಾರ್ಮ್ ತುಂಬುತ್ತಿದ್ದಾರೆ.

ನರ್ಸಕ್ಕ: ಟೈಟರ್?

ಮಲ್ಲಿಗೆ ಮೊಗ್ಗು: ಫೋನಲ್ಲಿ ಫೋಟೋ ಇತ್ತು. 46.

ನರ್ಸಕ್ಕ: ಸರಿ. ಏನಾದರೂ ತಿಂದಿದ್ದೀಯಾ?