ಎಂಟು ತಿಂಗಳಿಂದ ಅಮ್ಮನಿಗೆ ತಲೆಸುತ್ತು, ಎಂಆರ್‌ಐ ನಾರ್ಮಲ್. ಮುಂದೇನು?

ಪ್ರಶ್ನೆ: ಡಾಕ್ಟ್ರೇ, ಅಮ್ಮನಿಗೆ 58 ವರ್ಷ. ಎಂಟು ತಿಂಗಳಿಂದ ತಲೆಸುತ್ತು. ಮೊದಲು ಪಿತ್ತ ಅಂದುಕೊಂಡು ಜೀರಿಗೆ ಕಷಾಯ ಕೊಟ್ಟೆವು. ಆಮೇಲೆ ಕತ್ತಿನ ಎಕ್ಸ್‌ರೇ ನೋಡಿ ಮೂಳೆ ಸವೆದಿದೆ ಅಂತ ಕಾಲರ್ ಹಾಕಿದರು. ತಲೆಯ ಎಂಆರ್‌ಐ ನಾರ್ಮಲ್. ಅವತ್ತಿಂದ ತಲೆಸುತ್ತು, ವಾಂತಿ ತಡೆಯುವ ಪ್ರೋಕ್ಲೋರ್‌ಪೆರಜೀನ್ ಮಾತ್ರೆ ದಿನಕ್ಕೆರಡು ನಡೀತಿದೆ. ಇನ್ನೇನು ಪರೀಕ್ಷೆ ಮಾಡಿಸಬೇಕು?

ವೈದ್ಯೆಯ ಉತ್ತರ (ಕಿವಿ, ಮೂಗು, ಗಂಟಲು): ಪರೀಕ್ಷೆ ಆಮೇಲೆ. ಮೊದಲು ಅಮ್ಮನ ಹತ್ತಿರ ಕೂತು ಕೇಳಿ. ಕೋಣೆ ಗಿರಗಿರ ತಿರುಗುತ್ತದಾ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದಾ, ಇಲ್ಲ ದೋಣಿಯಲ್ಲಿ ನಿಂತ ಹಾಗಾ? ಒಂದು ಸಲ ಬಂದರೆ ಎಷ್ಟು ಹೊತ್ತು ಇರುತ್ತದೆ? ಅರ್ಧ ಉತ್ತರ ಇಲ್ಲೇ ಸಿಗುತ್ತದೆ.

ಪ್ರಶ್ನೆ: ಕೇಳಿದೆ ಮೇಡಂ. ಶುರುವಿನಲ್ಲಿ ಬೆಳಗ್ಗೆ ಬಲಕ್ಕೆ ಹೊರಳಿ ಅಲಾರಂ ಆಫ್ ಮಾಡುವಾಗ ಫ್ಯಾನ್ ಸಮೇತ ಸೂರೇ ತಿರುಗುತ್ತಿತ್ತಂತೆ, ಅರ್ಧ ನಿಮಿಷ. ಈಗಲೂ ಆಗಾಗ ಆಗುತ್ತದೆ. ಉಳಿದ ಹೊತ್ತು ದಿನವಿಡೀ ತೇಲಿದ ಹಾಗೆ. ಸೀರೆ ಅಂಗಡಿಗೆ ಹೋದರೆ ಗೋಡೆ ಹಿಡಿದುಕೊಳ್ಳುತ್ತಾರೆ.

ವೈದ್ಯೆಯ ಉತ್ತರ: ಅಮ್ಮ ಎಷ್ಟು ಚೆನ್ನಾಗಿ ಹೇಳಿದ್ದಾರೆ! ಇಲ್ಲಿ ಎರಡು ತೊಂದರೆ ಇರುವ ಹಾಗಿದೆ.

ಹೊರಳಿದಾಗ ಅರ್ಧ ನಿಮಿಷ ತಿರುಗುವುದು ಹೆಚ್ಚಾಗಿ ಬಿಪಿಪಿವಿ, ಅಂದರೆ ತಲೆಯ ಭಂಗಿ ಬದಲಾದಾಗ ಬರುವ ತಲೆಸುತ್ತು. ಒಳಕಿವಿಯಲ್ಲಿ ಸಣ್ಣ ಕ್ಯಾಲ್ಸಿಯಂ ಹರಳುಗಳಿರುತ್ತವೆ. ಅವು ಜಾಗ ಬಿಟ್ಟು ಪಕ್ಕದ ನಾಳಕ್ಕೆ ಜಾರುತ್ತವೆ. ಇದು ಎಂಆರ್‌ಐನಲ್ಲಿ ಕಾಣುವುದಿಲ್ಲ. ತಲೆಯನ್ನು ಒಂದು ಕಡೆ ತಿರುಗಿಸಿ, ಬೇಗನೆ ಮಲಗಿಸಿ, ಕಣ್ಣು ನೋಡಬೇಕು. ಗುಡ್ಡೆ ಕುಣಿದರೆ ಗೊತ್ತಾಗುತ್ತದೆ. ಎಪ್ಲಿ ವಿಧಾನದಲ್ಲಿ ತಲೆಯನ್ನು ಹಂತಹಂತವಾಗಿ ತಿರುಗಿಸಿ ಹರಳನ್ನು ವಾಪಸ್ ಕಳಿಸುತ್ತೇವೆ. ಐದು ಹತ್ತು ನಿಮಿಷದ ಕೆಲಸ. ಎಷ್ಟೋ ಜನ ಒಂದೆರಡು ಸಲಕ್ಕೇ ಸರಿಹೋಗುತ್ತಾರೆ.

ದಿನವಿಡೀ ತೇಲುವುದು, ಅಂಗಡಿಯ ಬಣ್ಣ, ಜನಜಂಗುಳಿಯಲ್ಲಿ ಜಾಸ್ತಿಯಾಗುವುದು ಪಿಪಿಪಿಡಿ, ಅಂದರೆ ಬಿಡದೆ ಕಾಡುವ ಒಂದು ಬಗೆಯ ತಲೆಸುತ್ತು ಇರಬಹುದು. ಮೂರು ತಿಂಗಳು ದಾಟಿದ ಮೇಲೆ ಈ ಹೆಸರು. ಮೊದಲ ಸಲದ ತಲೆಸುತ್ತಿಗೆ ಹೆದರಿದ ಮೆದುಳು ಇನ್ನೂ ಕಾವಲು ಬಿಟ್ಟಿಲ್ಲ ಅನ್ನಿ. ಸುಮ್ನೆ ಮನಸ್ಸಿನ ಭ್ರಮೆ ಅಂತ ದಯವಿಟ್ಟು ಯಾರೂ ಹೇಳಬೇಡಿ. ಸಮತೋಲನದ ವ್ಯಾಯಾಮ ಇದಕ್ಕೆ ಮುಖ್ಯ ಚಿಕಿತ್ಸೆ.

ನನಗೆ ಹೆಚ್ಚು ಕಳವಳ ಆ ಮಾತ್ರೆಯದ್ದು. ವಾಂತಿ ಬರುವಷ್ಟು ಸುತ್ತಿದಾಗ ಎರಡು ಮೂರು ದಿನಕ್ಕೆ ಅದು ಒಳ್ಳೆಯದು. ತಿಂಗಳುಗಟ್ಟಲೆ ನುಂಗಿದರೆ ಮೆದುಳು ತಾನೇ ಹೊಂದಿಕೊಳ್ಳುವುದಕ್ಕೆ ಅಡ್ಡಿ. ಕೈ ನಡುಕ, ಮೈ ಬಿಗಿತವೂ ಬರಬಹುದು. ಕೊಟ್ಟ ವೈದ್ಯರನ್ನೇ ಕೇಳಿ ನಿಲ್ಲಿಸುವ ದಾರಿ ನೋಡಿ. ಕತ್ತಿನ ಮೂಳೆ ಸವೆತ ಐವತ್ತು ದಾಟಿದ ಬಹುತೇಕರ ಎಕ್ಸ್‌ರೇಯಲ್ಲಿ ಕಾಣುತ್ತದೆ. ತಲೆಸುತ್ತಿಗೆ ಅದೇ ಕಾರಣ ಆಗಬೇಕಿಲ್ಲ, ಅಲ್ವಾ?

ಇನ್ನೊಬ್ಬ ಸದಸ್ಯರು: ನನಗೆ ಎರಡು ಮೂರು ಗಂಟೆ ತಿರುಗುತ್ತದೆ. ಎಡಗಿವಿ ತುಂಬಿದ ಹಾಗೆ, ಗುಂಯ್ ಅನ್ನುತ್ತದೆ. ನನಗೂ ಹರಳಾ?

ವೈದ್ಯೆಯ ಉತ್ತರ: ಗಂಟೆಗಟ್ಟಲೆ ಇದ್ದರೆ ಹರಳಲ್ಲ. ಒಳಕಿವಿಯ ಮೆನಿಯರ್ ಕಾಯಿಲೆ ಇರಬಹುದು, ಶ್ರವಣ ಪರೀಕ್ಷೆ ಮಾಡಿಸಿ. ಮೈಗ್ರೇನ್ ಇರುವವರಿಗೂ ಹೀಗಾಗುತ್ತದೆ, ಕೆಲವು ಸಲ ತಲೆನೋವೇ ಇಲ್ಲದೆ. ಎದ್ದಾಗ ಮಾತ್ರ ಕಣ್ಣು ಕತ್ತಲೆ ಬರುವವರು ಮಲಗಿ ಒಮ್ಮೆ, ನಿಂತು ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಿಸಿ. ರಕ್ತಹೀನತೆ, ಬಿಪಿ ಮಾತ್ರೆಯ ಡೋಸ್ ಕೂಡ ಕಾರಣ ಆಗಬಹುದು.

ಮಾತು ತೊದಲಿದರೆ, ಎರಡೆರಡು ಕಂಡರೆ, ಮುಖ ವಾಲಿದರೆ, ನಿಲ್ಲಲೂ ಆಗದಿದ್ದರೆ ಇಲ್ಲಿ ಕೇಳುತ್ತಾ ಕೂರಬೇಡಿ. ತಕ್ಷಣ ಆಸ್ಪತ್ರೆಗೆ ಹೊರಡಿ.

ಪ್ರಶ್ನೆ ಕೇಳಿದವರಿಗೆ ಒಂದು ಕೆಲಸ: ಅಮ್ಮನಿಗೆ ಮತ್ತೆ ಸೂರು ತಿರುಗಿದರೆ ಕಣ್ಣು ತೆರೆದಿಡಲು ಹೇಳಿ, ಫೋನಿನಲ್ಲಿ ಕಣ್ಣುಗಳ ವಿಡಿಯೋ ತೆಗೆಯಿರಿ. ನೋಡುವ ವೈದ್ಯರಿಗೆ ಮೊದಲು ಅದನ್ನು ತೋರಿಸಿ.