ಅಮರರ ಪ್ರೇಮಕಥೆಗಳಲ್ಲಿ ಸಾವನ್ನು ಅಳಿಸುವುದು ಸರಿಯೇ?

ಗಂಗಾವತಿಯ ಓದುಗ:

ಫ್ಯಾಂಟಸಿ ಕಾದಂಬರಿ ಓದುವವರಲ್ಲಿ ಒಂದು ಪ್ರಶ್ನೆ. ಮನುಷ್ಯರ ಹುಡುಗಿ, ಸಾವಿಲ್ಲದ ನಾಯಕ, ನಾನೂರು ಪುಟ ವಿರಹ. ಕೊನೆಯ ಅಧ್ಯಾಯದಲ್ಲಿ ಅವಳಿಗೂ ಅಮರತ್ವ ದಕ್ಕಿ ಎಲ್ಲವೂ ಸುಖಾಂತ. ಇದು ನನಗೆ ಒಗ್ಗುವುದಿಲ್ಲ. ಸಾವಿನ ಭಯ ತೋರಿಸಿಯೇ ಇಷ್ಟುದ್ದ ಓದಿಸಿ, ಕಡೆಗೆ ಆ ಸಾವನ್ನೇ ಅಳಿಸಿಬಿಟ್ಟರೆ ನಾವು ಓದಿದ್ದೇನು? ನಿಮಗೂ ಹೀಗೆ ಅನ್ನಿಸಿದೆಯೇ?

ನನ್ನ ಮಟ್ಟಿಗೆ ಇದನ್ನು ಸರಿಯಾಗಿ ಬರೆದವರು ಟೋಲ್ಕಿನ್. ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಸಾವಿಲ್ಲದ ಎಲ್ಫ್ ಕುಲದ ಅರ್ವೆನ್, ಮನುಷ್ಯ ಕುಲದ ಅರಗಾರ್ನ್‌ಗಾಗಿ ಅಮರತ್ವ ಬಿಟ್ಟುಕೊಡುತ್ತಾಳೆ. ಬಹಳ ಜನ ಅವರ ಮದುವೆಗೇ ತೃಪ್ತರಾಗಿ ಪುಸ್ತಕ ಮುಚ್ಚುತ್ತಾರೆ. ಮುಂದಿನ ಕಥೆ ಅನುಬಂಧದಲ್ಲಿದೆ. 210ನೆಯ ವಯಸ್ಸಿನಲ್ಲಿ ಅರಗಾರ್ನ್ ತಾನಾಗಿಯೇ ಪ್ರಾಣ ಬಿಡಲು ಮಲಗಿದಾಗ, ಇನ್ನೂ ಸ್ವಲ್ಪ ಕಾಲ ಇರು ಎಂದು ಅವಳು ಬೇಡುತ್ತಾಳೆ. ಸಾವಿಗೆ ಅಂಜಿ ಹಾಳಾದ ನೂಮೆನೋರ್ ಎಂಬ ಹಳೆಯ ದ್ವೀಪರಾಜ್ಯದ ಜನರನ್ನು ಮೂರ್ಖರೆಂದು ಜರಿದಿದ್ದವಳಿಗೆ ಅವರ ಮೇಲೆ ಕರುಣೆ ಹುಟ್ಟುವುದು ಆಗಲೇ. ಆಮೇಲೆ ತನ್ನವರೆಲ್ಲ ತೊರೆದುಹೋದ ಕಾಡಿಗೆ ಒಬ್ಬಳೇ ಹೋಗಿ, ಗುಡ್ಡದ ಮೇಲೆ ಮಲಗಿ ಸಾಯುತ್ತಾಳೆ. ಆ ಕೆಲವು ಪುಟಗಳಿಗಾಗಿ ಮೂರೂ ಸಂಪುಟ ಓದಬಹುದು.

ರಾಯಚೂರಿನಿಂದ:

ನಾನು ಒಪ್ಪುವುದಿಲ್ಲ. ಶಕ್ತಿನಗರದಲ್ಲಿ ರಾತ್ರಿ ಪಾಳಿ ಮುಗಿಸಿ ಬಂದು ಓದುವವಳು ನಾನು. ಕಥೆಯಲ್ಲಾದರೂ ಇಬ್ಬರು ಕೂಡಿ ಬಾಳಲಿ ಎಂದು ಬಯಸಿದರೆ ತಪ್ಪೇನು? ಕಾಳಿದಾಸನೂ ಅದನ್ನೇ ಮಾಡಿದ. ಋಗ್ವೇದದ ಸಂವಾದ ಸೂಕ್ತದಲ್ಲಿ ಪುರೂರವ ಎಷ್ಟು ಗೋಗರೆದರೂ ಊರ್ವಶಿ ಮರಳುವುದಿಲ್ಲ. ಗಾಳಿಯಂತೆ ಕೈಗೆ ಸಿಗದವಳು ತಾನು ಎನ್ನುತ್ತಾಳೆ. ‘ವಿಕ್ರಮೋರ್ವಶೀಯ’ದಲ್ಲಾದರೋ ಇಂದ್ರನೇ ಮನಸ್ಸು ಮಾಡಿ, ರಾಜನ ಆಯುಷ್ಯ ಇರುವವರೆಗೂ ಅವಳನ್ನು ಅವನ ಬಳಿ ಬಿಡುತ್ತಾನೆ. ಇದನ್ನೂ ಮೋಸ ಎನ್ನುತ್ತೀರಾ?

ಬಳ್ಳಾರಿಯಿಂದ:

ಅಕ್ಕಮಹಾದೇವಿಯನ್ನು ಇಬ್ಬರೂ ಮರೆತಿರಿ. ಸಾವಿಲ್ಲದ, ಕೇಡಿಲ್ಲದ ಚೆಲುವನಿಗೆ ಒಲಿದವಳು ಅವಳು. ಸಾಯುವ ಕೆಡುವ ಗಂಡಂದಿರನ್ನು ಒಲೆಗೆ ಇಕ್ಕು ಎಂದು ತಾಯಿಗೇ ಹೇಳಿಬಿಟ್ಟಳು. ಆ ದಿಟ್ಟತನದ ನಾಯಕಿ ಫ್ಯಾಂಟಸಿಯಲ್ಲಿ ನನಗಂತೂ ಸಿಕ್ಕಿಲ್ಲ. ಅಲ್ಲಿ ಅಮರ ನಾಯಕ ಬಂದು ಹುಡುಗಿಯನ್ನು ಆರಿಸಿಕೊಳ್ಳುತ್ತಾನೆ, ಇವಳು ಬೆರಗಾಗಿ ನಿಲ್ಲುತ್ತಾಳೆ, ಅಷ್ಟೆ.

ಗಂಗಾವತಿಯ ಓದುಗ:

ರಾಯಚೂರಿನವರೇ, ಕಾಳಿದಾಸನದು ಖಂಡಿತ ಮೋಸವಲ್ಲ. ಆಯುಷ್ಯ ಇರುವವರೆಗೆ ಎಂಬ ಮಿತಿಯನ್ನು ಅವನು ಬಿಟ್ಟುಕೊಟ್ಟಿಲ್ಲ. ಒಂದು ದಿನ ಪುರೂರವ ಇರುವುದಿಲ್ಲ, ಊರ್ವಶಿ ಇರುತ್ತಾಳೆ. ನಾನು ಕೇಳುವುದೂ ಅದನ್ನೇ.

ನಮ್ಮ ಅಂಜನಾದ್ರಿಯ 575 ಮೆಟ್ಟಿಲು ಹತ್ತುವವರು ಹನುಮನ ಬಲವನ್ನು ಕೊಂಡಾಡುತ್ತಾರೆ. ನನ್ನನ್ನು ಕಾಡುವುದು ಉತ್ತರಕಾಂಡದ ಹನುಮ. ರಾಮ ಸರಯೂ ನದಿಗೆ ಇಳಿಯುತ್ತಾನೆ, ಊರಿಗೆ ಊರೇ ಅವನ ಹಿಂದೆ ಹೋಗುತ್ತದೆ. ರಾಮಕಥೆ ಇರುವಷ್ಟು ಕಾಲ ಬದುಕಿರಬೇಕಾದ ಹನುಮನೋ ಇಲ್ಲೇ ಉಳಿಯುತ್ತಾನೆ. ಇದು ಗಂಡು ಹೆಣ್ಣಿನ ಪ್ರೇಮವಲ್ಲ, ನಿಜ. ಆದರೂ ಹೀಗೆ ಉಳಿದವನ ಪಾಡನ್ನು ಕುರಿತು ಕನ್ನಡದಲ್ಲೊಂದು ದೊಡ್ಡ ಫ್ಯಾಂಟಸಿ ಕಾದಂಬರಿ ಬರಬೇಕು, ಅದು ಆನೆಗೊಂದಿಯ ಬಂಡೆಗಳ ನಡುವೆಯೇ ನಡೆಯಬೇಕು ಎಂಬುದು ನನ್ನ ಆಸೆ.

ಬಳ್ಳಾರಿಯವರೇ, ನೀವು ಹೇಳಿದಂಥ ನಾಯಕಿ ಎಲ್ಲಾದರೂ ಸಿಕ್ಕರೆ ಪುಸ್ತಕದ ಹೆಸರನ್ನು ಇಲ್ಲಿ ತಪ್ಪದೆ ಬರೆಯಿರಿ.